ಹಬ್ಬಕ್ಕೆ ವರಾಡ ಹಾಕಿದ ಹಾಗೆ ಚುನಾವಣೆಗೂ ಹಾಕಬಾರದೇ?

ಓಟಿಗೆ ದುಡ್ಡು ತಗೋಬೇಡಿ ಅಂತ ಚುನಾವಣೆ ಬಂದಾಗಲೆಲ್ಲ ನಮಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. 2,000 ರೂಪಾಯಿಯನ್ನು ಐದು ವರ್ಷಕ್ಕೆ ಭಾಗಿಸಿದರೆ ದಿನಕ್ಕೆ ಒಂದು ರೂಪಾಯಿ ಹತ್ತು ಪೈಸೆ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೂ ತಗೊಳ್ಳುವುದು ನಿಂತಿಲ್ಲ. "ಯಾರು ಗೆದ್ದರೂ ನಮ್ಮ ಕೆಲಸ ಆಗಲ್ಲ, ಸಿಕ್ಕಿದ್ದಾದರೂ ಸಿಗಲಿ ಬಿಡಿ" ಎನ್ನುವವರಿಗೆ ಈ ಲೆಕ್ಕದಲ್ಲಿ ಉತ್ತರ ಇಲ್ಲ.

ನನ್ನ ಪ್ರಕಾರ ಮನೆಮನೆಗೆ ಕವರ್ ಬರುವುದು ಕೊನೆಯ ಹಂತ. ಅದಕ್ಕೂ ಎಷ್ಟೋ ಮೊದಲೇ ಊರು ಕೈ ಚಾಚಿರುತ್ತದೆ.

ಹಾರೋಹಳ್ಳಿ ಸುತ್ತಮುತ್ತ ಇದು ಚೆನ್ನಾಗಿ ಕಾಣುತ್ತೆ. ಕೈಗಾರಿಕಾ ಪ್ರದೇಶ ಹಂತ ಹಂತವಾಗಿ ಬೆಳೆದಂತೆ ರಾಗಿ ಹೊಲ, ಹಿಪ್ಪುನೇರಳೆ ತೋಟಗಳ ಎಕರೆ ಲೆಕ್ಕ ಹೋಗಿ ಚದರಡಿ ಲೆಕ್ಕ ಬಂತು. ಪರಿಹಾರದ ದುಡ್ಡು, ಲೇಔಟಿನ ದುಡ್ಡು, ಗುತ್ತಿಗೆ ದುಡ್ಡು ಓಡಾಡುವ ಕಡೆ ಪಂಚಾಯಿತಿ ಮೆಂಬರಾಗುವುದೂ ಒಂದು ಬಂಡವಾಳವೇ. ಹಾಕಿದವನು ವಾಪಸ್ ತೆಗೆಯದೆ ಬಿಡುತ್ತಾನೆಯೇ?

ಹಿಂದೆ ಮಾರಮ್ಮನ ಹಬ್ಬ ಅಂದರೆ ಮನೆಗಿಷ್ಟು ಅಂತ ವರಾಡ ಹಾಕುತ್ತಿದ್ದರು. ದುಡ್ಡಿಲ್ಲದವರು ರಾಗಿ ಕೊಡುತ್ತಿದ್ದರು, ಇಲ್ಲವೇ ಚಪ್ಪರ ಹಾಕಲು ಆಳಾಗಿ ಬರುತ್ತಿದ್ದರು. ಹಬ್ಬ ಮುಗಿದ ಮೇಲೆ ಅರಳಿಕಟ್ಟೆ ಮೇಲೆ ಲೆಕ್ಕ. ಹತ್ತು ರೂಪಾಯಿ ಕೊಟ್ಟವನೂ "ವಾಲಗದವರಿಗೆ ಅಷ್ಟ್ಯಾಕೆ ಕೊಟ್ರಿ?" ಅಂತ ಎದ್ದು ನಿಂತು ಕೇಳುತ್ತಿದ್ದ. ಅವನಿಗೆ ಬಾಯಿ ಬಂದದ್ದು ಆ ಹತ್ತು ರೂಪಾಯಿಯಿಂದ. (ಆ ವರಾಡದಲ್ಲೂ ಕೇರಿ ಕೇರಿಗೆ ಭೇದ ಇತ್ತು. ಅದನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ.)

ಈಗ ಎಷ್ಟೋ ಊರಲ್ಲಿ ದೇವಸ್ಥಾನದ ಜೀರ್ಣೋದ್ಧಾರ, ಗಣೇಶನ ಪೆಂಡಾಲು, ಹುಡುಗರ ಕ್ರಿಕೆಟ್ ಟೂರ್ನಮೆಂಟು, ಹೆಣ್ಣುಮಕ್ಕಳ ಯಾತ್ರೆಯ ಬಸ್ಸು ಎಲ್ಲಕ್ಕೂ "ಅಣ್ಣಾವ್ರು" ಕೊಡುತ್ತಾರೆ. ಫ್ಲೆಕ್ಸಿನಲ್ಲಿ ದೇವರಿಗಿಂತ ಅಣ್ಣನ ಮುಖ ದೊಡ್ಡದು. ಕೊಟ್ಟವರು ಅವರೇ ಆದ್ದರಿಂದ ಲೆಕ್ಕ ಕೇಳುವ ಬಾಯಿ ಯಾರಿಗೂ ಇಲ್ಲ. ಇದರ ಮುಂದಿನ ಹೆಜ್ಜೆಯನ್ನು 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನೋಡಿದೆವು. ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜಿಗಿಟ್ಟರು. ದುಡ್ಡು ದೇವಸ್ಥಾನಕ್ಕೆ ಅಂತ ಸಮಾಧಾನ ಬೇರೆ. ರಾಜ್ಯ ಚುನಾವಣಾ ಆಯೋಗ ಅದು ಅಪರಾಧ ಎಂದು ಎಚ್ಚರಿಸಬೇಕಾಯಿತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೀಲರ್ ಕೂಗಿದ ರೇಟು ಗಿಟ್ಟದಿದ್ದರೆ ಬೆಳೆಗಾರ ಲಾಟು ಕೊಡಲ್ಲ ಅನ್ನಬಹುದು. ಈ ಹರಾಜಿನಲ್ಲಿ ಬೇಡ ಎನ್ನುವ ಓಟುದಾರನಿಗೆ ಆ ಹಕ್ಕೂ ಇಲ್ಲ.

ಇದಕ್ಕೆ ಮದ್ದು ನಮ್ಮ ರಾಜ್ಯದಲ್ಲೇ ಇತ್ತು. ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಲ್ಲಿ ಚುನಾವಣೆಗೆ ನಿಂತರು. ಎದುರಿಗಿದ್ದವರು ಅನುಕೂಲಸ್ಥರು, ಇವರ ಕೈ ಬರಿದು. ಜನರ ಹತ್ತಿರ ಓಟಿನ ಜೊತೆ ನೋಟನ್ನೂ ಕೇಳಿದರು, ಗೆದ್ದರು. "ಒಂದು ಓಟು, ಒಂದು ನೋಟು" ಎಂಬ ಮಾತನ್ನು ಮುಂದೆ ರೈತಸಂಘವೂ ಹಿಡಿಯಿತು. ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ವಿಧಾನಸಭೆಗೆ ಹೋದರು. ನಡುವೆ ಸೋತದ್ದೂ ಉಂಟು. ನೋಟು ಕೊಟ್ಟರೆ ಗೆಲುವು ಗ್ಯಾರಂಟಿ ಎಂದು ಯಾರೂ ತಿಳಿಯಬಾರದು. ಆದರೆ ಯಾರು ಯಾರ ಋಣದಲ್ಲಿದ್ದಾರೆ ಎಂಬುದು ಅಲ್ಲಿ ತಿರುವುಮುರುವಾಗುತ್ತೆ.

ವಿಧಾನಸಭೆ ನಮ್ಮ ಅಳತೆಗೆ ದೊಡ್ಡದು. ಕಾನೂನಿನ ಮಿತಿಯೇ 40 ಲಕ್ಷ, ನಿಜವಾದ ಖರ್ಚು ದೇವರಿಗೇ ಗೊತ್ತು. ಮೇಲಿನ ದುಡ್ಡಿಗೆ ಮೇಲಿನವರೇ ಬೇಕು. ಚುನಾವಣಾ ಬಾಂಡನ್ನು 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅರಳಿಕಟ್ಟೆಯ ದುಡ್ಡು ನಮ್ಮ ಪಾಲಿನದು.

ಗ್ರಾಮ ಪಂಚಾಯಿತಿಯ ಲೆಕ್ಕ ಹಾಕಿ ನೋಡಿ. ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಅಂದರೆ ಹೆಚ್ಚುಕಮ್ಮಿ ನೂರು ಮನೆ. ಮನೆಗೆ 100 ರೂಪಾಯಿ ವರಾಡ ಹಾಕಿದರೆ 10,000. ಕಾನೂನಿನ ಪ್ರಕಾರ ಪಕ್ಷದ ಚಿಹ್ನೆಯೂ ಇಲ್ಲದ ಚುನಾವಣೆ ಇದು. ಈ ದುಡ್ಡನ್ನು ಒಬ್ಬರ ಕೈಗೆ ಕೊಡುವುದು ಬೇಡ. ಕೊಟ್ಟರೆ ಯಾರು ಯಾರ ಕಡೆ ಅಂತ ಊರಿಗೆಲ್ಲ ಗೊತ್ತಾಗುತ್ತೆ, ಕೂಲಿಗೆ ಹೋಗುವವರಿಗೆ ಅದು ಕಷ್ಟ. ನಿಂತವರೆಲ್ಲರಿಗೂ ಸೇರಿಸಿ ಒಂದೇ ಕರಪತ್ರ ಅಚ್ಚು ಹಾಕಿಸೋಣ. ಒಂದು ಸಂಜೆ ದೇವಸ್ಥಾನದ ಮುಂದೆ ಮೈಕು ಕಟ್ಟಿ ಎಲ್ಲರನ್ನೂ ಕೂರಿಸೋಣ. ಕೆರೆ ಒತ್ತುವರಿ, ಕಾರ್ಖಾನೆ ನೀರು, ಖಾತೆಗೆ ಕೊಡಬೇಕಾದ "ಮಾಮೂಲಿ" ಯಾವುದನ್ನಾದರೂ ಕೇಳೋಣ. ಆ ವರ್ಷ ಹಬ್ಬಕ್ಕೆ ಯಾವ ಅಭ್ಯರ್ಥಿಯಿಂದಲೂ ಒಂದು ಪೈಸೆ ಬೇಡ. ಹಬ್ಬ ಚಿಕ್ಕದಾಗಲಿ. ಲೆಕ್ಕದ ಪುಸ್ತಕ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಕೈಲಿರಲಿ. ಸಂಘದ ಉಳಿತಾಯವನ್ನು ಎಲ್ಲರೆದುರು ಎಣಿಸಿ ಬರೆದು ರೂಢಿ ಇರುವವರು ಅವರೇ.

ಇಷ್ಟಾದರೂ ಕೊನೇ ರಾತ್ರಿ ಕವರ್ ಬರುತ್ತೆ, ಕೆಲವರು ತಗೊಳ್ಳುತ್ತಾರೆ. ಕೊಡುವಷ್ಟೇ ತಗೊಳ್ಳುವುದೂ ಅಪರಾಧ, ಪೊಲೀಸರು ಬಂದು ಹಿಡಿದದ್ದು ಮಾತ್ರ ಅಪರೂಪ. ಆದರೆ 100 ರೂಪಾಯಿ ಕೊಟ್ಟವನು ಮುಂದಿನ ಗ್ರಾಮಸಭೆಗೆ ಬರುತ್ತಾನೆ, ವಾಲಗದ ಲೆಕ್ಕ ಕೇಳಿದ ಹಾಗೆ ಚರಂಡಿ ಲೆಕ್ಕ ಕೇಳುತ್ತಾನೆ ಎಂದು ನನ್ನ ನಂಬಿಕೆ. ನಿಮ್ಮ ಊರಲ್ಲಿ ಯಾರಾದರೂ ಇಂಥದ್ದು ಮಾಡಿ ನೋಡಿದ್ದರೆ ಪತ್ರಿಕೆಗೆ ಬರೆಯಿರಿ. ಸೋತಿದ್ದರೂ ಸರಿಯೇ, ಎಲ್ಲಿ ಎಡವಿದಿರಿ ಅಂತ ತಿಳಿಸಿ.