ರಾಯರ ಮನೆಯ ವಿದ್ಯುತ್ ಪರೀಕ್ಷೆ

ಮೊನ್ನೆ ಸಂಜೆ ನೆರೆಮನೆಯ ರಾಯರು ಕೈಯಲ್ಲೊಂದು ಕಾಗದ ಹಿಡಿದು ನಗುಮುಖದಿಂದ ಬಂದರು. ಅವರದು ಮೂವತ್ತು ವರ್ಷಗಳ ಹಿಂದೆ ಕಟ್ಟಿಸಿದ ಸ್ವಂತ ಮನೆ. ಮಗನ ಬಲವಂತಕ್ಕೆ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಒಬ್ಬನಿಂದ ಮನೆಯ ವೈರಿಂಗನ್ನೆಲ್ಲ ಪರೀಕ್ಷೆ ಮಾಡಿಸಿದ್ದರು.

“ನೋಡಿ ಸ್ವಾಮಿ, ಅರ್ತಿಂಗಿಗೆ ಹತ್ತು ಬಂದಿದೆ! ಬಚ್ಚಲುಮನೆಯ ಸಾಲಿಗೆ ಮಾತ್ರ 0.4. ಒಟ್ಟಿನ ಮೇಲೆ ಪಾಸಾದೆವು ತಾನೆ?”

ರಾಯರು ನಿವೃತ್ತ ಉಪಾಧ್ಯಾಯರು. ಅಂಕಗಳನ್ನು ಕೂಡಿಸುವುದು ಅವರಿಗೆ ಅಭ್ಯಾಸ. ಆದರೆ ಈ ಪರೀಕ್ಷೆಯಲ್ಲಿ ಒಂದು ಅಂಕ ಹೆಚ್ಚಿರಬೇಕು, ಇನ್ನೊಂದು ಕಡಿಮೆಯಿರಬೇಕು. ಸರಾಸರಿ ತೆಗೆಯುವಂತಿಲ್ಲ.

ಇಂಥ ವರದಿಯಲ್ಲಿ ಮನೆಯ ಯಜಮಾನನು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ವಿದ್ಯುತ್ತು ತನ್ನ ದಾರಿಯಲ್ಲೇ ಹರಿಯುತ್ತಿದೆಯೆ? ದಾರಿ ತಪ್ಪಿದರೆ ನೆಲಕ್ಕಿಳಿಯಲು ಮಾರ್ಗವಿದೆಯೆ? ಆ ಕ್ಷಣದಲ್ಲಿ ಅದನ್ನು ಕಡಿಯುವ ಕಾವಲುಗಾರನು ಎಚ್ಚರವಾಗಿದ್ದಾನೆಯೆ?

ಮೊದಲ ಪ್ರಶ್ನೆಗೆ ಉತ್ತರ ಹೇಳುವುದು ಮೆಗ್ಗರ್ ಎಂಬ ಉಪಕರಣ. ಮೇನ್ ಸ್ವಿಚ್ಚನ್ನು ಆರಿಸಿ, ತಂತಿಗೂ ಭೂಮಿಗೂ ನಡುವೆ 500 ವೋಲ್ಟುಗಳನ್ನು ಹಾಯಿಸಿ, ತಂತಿಯ ಹೊದಿಕೆ ಎಷ್ಟು ಗಟ್ಟಿಯಾಗಿದೆಯೆಂದು ಅದು ಅಳೆಯುತ್ತದೆ. ಫಲ ಒಂದು ಮೆಗಾ ಓಮಿಗಿಂತ ಕಡಿಮೆ ಇರಬಾರದು, ಹೆಚ್ಚಿದಷ್ಟೂ ಲೇಸು. ರಾಯರ ಬಚ್ಚಲುಮನೆಯದು 0.4, ಎಂದರೆ ಎಲ್ಲೋ ಸೋರಿಕೆಗೆ ಆರಂಭವಾಗಿದೆ. ಗೀಸರನ್ನು ಬಿಡಿಸಿಟ್ಟು ಮತ್ತೊಮ್ಮೆ ಅಳೆಯಿಸಿದರೆ ಕಾರಣದ ಸುಳಿವು ಸಿಗುತ್ತದೆ. ಆಗ ಅಂಕ ಮೇಲೇರಿದರೆ ದೋಷ ಗೀಸರಿನದು. ಏರದಿದ್ದರೆ ಗೋಡೆಯೊಳಗಿನ ತಂತಿಯದು, ಅಥವಾ ನೀರಿನ ಪಸೆಯದು.

ಎರಡನೆಯದು ಅರ್ತಿಂಗ್. ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ರಾಯರು ಹಿಗ್ಗಿದ ಆ ಹತ್ತು, 10 ಓಮುಗಳ ಅಡ್ಡಿ. ಲೆಕ್ಕ ಹಾಕಿ ನೋಡಿ: ಮನೆಯ ವಿದ್ಯುತ್ತು 230 ವೋಲ್ಟು. ಗೀಸರಿನ ಮೈಗೆ ತಂತಿ ತಗುಲಿದರೆ ನೆಲಕ್ಕೆ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. ಆ ಸಾಲಿನ 20 ಆಂಪಿಯರ್ ಎಂ.ಸಿ.ಬಿ. ಇದನ್ನು ತುಸು ಹೆಚ್ಚಿನ ಹೊರೆಯೆಂದೇ ಎಣಿಸಿ ಬಹಳ ಹೊತ್ತು ಸುಮ್ಮನಿರಬಹುದು. ಅಷ್ಟು ಹೊತ್ತೂ ಗೀಸರಿನ ಮೈಯಲ್ಲಿ ಪ್ರಾಣಾಂತಿಕವಾದ ವಿದ್ಯುತ್ತು ಇರುತ್ತದೆ. ಬೇಸಗೆಯಲ್ಲಿ ನೆಲ ಒಣಗಿದಾಗ ಈ ಅಡ್ಡಿ ಇನ್ನೂ ಏರುತ್ತದೆ. ಉಪ್ಪು, ಇದ್ದಲು ತುಂಬಿದ ಗುಂಡಿಗೆ ನೀರು ಹೊಯ್ಯುವ ನಮ್ಮ ಹಿರಿಯರ ರೂಢಿ ಅರ್ಥವಿಲ್ಲದ್ದಲ್ಲ; ಆದರೆ ಅದು ಆಯಾ ಕಾಲದ ಉಪಚಾರವೇ ಹೊರತು ಶಾಶ್ವತ ಪರಿಹಾರವಲ್ಲ.

ಆದ್ದರಿಂದಲೇ ಮೂರನೆಯ ಪ್ರಶ್ನೆ ಬಹು ಮುಖ್ಯ. ಎಂ.ಸಿ.ಬಿ. ಕಾಯುವುದು ತಂತಿಯನ್ನು, ಮನುಷ್ಯನನ್ನು ಕಾಯುವುದು ಆರ್.ಸಿ.ಸಿ.ಬಿ. ಹೋದ ವಿದ್ಯುತ್ತು ಹಿಂದಿರುಗಿತೇ ಎಂದು ಅದು ಸದಾ ಲೆಕ್ಕವಿಡುತ್ತದೆ. ಮನೆಗಳಲ್ಲಿ ಬಳಸುವ 30 ಮಿಲಿ ಆಂಪಿಯರಿನದಾದರೆ, ಅಷ್ಟು ಸೋರಿದೊಡನೆ ಒಂದು ಸೆಕೆಂಡಿನ ಹತ್ತರಲ್ಲಿ ಮೂರು ಪಾಲಿನೊಳಗೆ ಸಂಪರ್ಕವನ್ನು ಕಡಿಯಬೇಕು. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು.

ರಾಯರ ವರದಿಯ ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು: “ಆರ್.ಸಿ.ಸಿ.ಬಿ. ಗುಂಡಿ ಒತ್ತಿದರೂ ಕಡಿಯಲಿಲ್ಲ.”

“ಮೂವತ್ತು ವರ್ಷ ಏನೂ ಆಗಿಲ್ಲವಲ್ಲ? ದೀಪಗಳೆಲ್ಲ ಚೆನ್ನಾಗಿಯೇ ಉರಿಯುತ್ತಿವೆ,” ಎಂದರು ರಾಯರು, ಕೊಂಚ ನೊಂದು.

“ದೀಪ ಉರಿಯುವುದಕ್ಕೆ ಇವು ಮೂರೂ ಬೇಕಿಲ್ಲ, ರಾಯರೇ. ತಂತಿ ಸೋರುತ್ತಿದೆ, ನೆಲದ ದಾರಿ ಇಕ್ಕಟ್ಟಾಗಿದೆ, ಕಾವಲುಗಾರ ನಿದ್ದೆಹೋಗಿದ್ದಾನೆ. ಒಂದೊಂದೇ ಆಗಿದ್ದರೆ ಹೇಗೋ ಪಾರಾಗಬಹುದಿತ್ತು. ಮೂರೂ ಕೂಡಿದ್ದು ಒಂದೇ ಬಚ್ಚಲುಮನೆಯಲ್ಲಿ.”

ಖರ್ಚಿನ ಮಾತು ಬಂದಿತು. ಎಲ್ಲವನ್ನೂ ಒಂದೇ ದಿನ ಮಾಡಿಸಲಾಗದಿದ್ದರೆ ಕ್ರಮ ಹೀಗಿರಲಿ: ಈಗಲೇ ಗೀಸರಿನ ಸಾಲನ್ನು ಆರಿಸುವುದು, ನಾಳೆಯೇ ಹೊಸ ಆರ್.ಸಿ.ಸಿ.ಬಿ. ಹಾಕಿಸುವುದು, ಅನಂತರ ಸೋರಿಕೆಯನ್ನು ಪತ್ತೆಮಾಡಿ ಸರಿಪಡಿಸುವುದು, ಅರ್ತಿಂಗನ್ನು ಸುಧಾರಿಸುವುದು. ಕೊನೆಗೆ ಇನ್ನೊಮ್ಮೆ ಅಳೆಯಿಸಿ ಹೊಸ ಅಂಕಗಳನ್ನು ಬರೆಸಿಕೊಳ್ಳುವುದು. ಅಲ್ಲಿಯವರೆಗೆ ಗೀಸರನ್ನು ಹಾಕಕೂಡದು.

ರಾಯರು ಕಾಗದವನ್ನು ಮಡಿಸಿ, ಬೇರೇನೂ ಹೇಳದೆ ಎದ್ದರು. ದಿನಾ ಬೆಳಗ್ಗೆ ಆ ಬಚ್ಚಲುಮನೆಯಲ್ಲಿ ಮೊದಲು ಸ್ನಾನ ಮಾಡುವವಳು ಶಾಲೆಗೆ ಹೋಗುವ ಅವರ ಮೊಮ್ಮಗಳು.

ಮರುದಿನ ಬೆಳಗ್ಗೆ ಅವರ ಹಿತ್ತಲಿನಲ್ಲಿ ಹಳೆಯ ತಾಮ್ರದ ಹಂಡೆ ಒಲೆಯೇರಿತ್ತು. ಎಲೆಕ್ಟ್ರಿಷಿಯನ್ನನ ಸೈಕಲ್ಲು ಗೇಟಿಗೆ ಒರಗಿತ್ತು.