ಜೊತೆ ಬೇಕಿರುವುದು ಮಂಗಕ್ಕೋ, ಮಾರಾಟಗಾರನಿಗೋ?

ಘಟ್ಟದ ಕೆಳಗಿನ ಮಂಗಳೂರಿನಲ್ಲಿ ಯಾರೋ ಮನೆಯೊಳಗೆ ಸಾಕಿಕೊಂಡ ವಿದೇಶಿ ಮಂಗಕ್ಕೆ ಇನ್ನೊಂದು ಮಂಗವನ್ನು ಜೊತೆ ಮಾಡುವ ವಿಚಾರಕ್ಕೂ ಮಲೆನಾಡಿನ ಈ ಪತ್ರಿಕೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ತೋಟಕ್ಕೆ ನುಗ್ಗಿ ಬಾಳೆಯನ್ನೂ ಎಳೆ ಅಡಕೆಯನ್ನೂ ಹಾಳುಮಾಡುವ ಮಂಗಗಳಿಂದ ರೋಸಿಹೋದ ನಮ್ಮ ರೈತರಿಗಂತೂ, ಲಕ್ಷಗಳ ಲೆಕ್ಕದಲ್ಲಿ ಹಣ ತೆತ್ತು ಮಂಗವನ್ನು ಮನೆಗೆ ತರುವವರಿದ್ದಾರೆ ಎಂಬ ಸುದ್ದಿಯೇ ನಗೆ ತರಿಸೀತು. ಆದರೆ ಇದು ನಗೆಯ ವಿಷಯವಲ್ಲ. ಮಂಗಳೂರಿನಲ್ಲಿ ಓದುತ್ತಿರುವ ನಮ್ಮೂರಿನ ವಿದ್ಯಾರ್ಥಿನಿಯೊಬ್ಬಳು ಈಚೆಗೆ ನನ್ನಲ್ಲಿ ಒಂದು ಪ್ರಶ್ನೆ ಕೇಳಿದಳು. ಅವಳ ಪರಿಚಯಸ್ಥರ ಫ್ಲಾಟಿನಲ್ಲಿ ಮಾರ್ಮೊಸೆಟ್ ಎಂಬ ಪುಟ್ಟ ಮಂಗವೊಂದಿದೆ. ಅದು ದಿನವಿಡೀ ಪಂಜರದ ಸರಳು ಹಿಡಿದು ಕೀರಲು ದನಿಯಲ್ಲಿ ಕೂಗುತ್ತದೆ, ತನ್ನ ಬಾಲದ ಕೂದಲನ್ನು ತಾನೇ ಕಿತ್ತುಕೊಳ್ಳುತ್ತದೆ. ಮಾರಿದವನನ್ನು ವಿಚಾರಿಸಿದರೆ, "ಅದಕ್ಕೆ ಬೇಸರ ಹತ್ತಿದೆ, ಇನ್ನೊಂದನ್ನು ತಂದುಬಿಡಿ" ಎಂದನಂತೆ. "ಒಂಟಿ ಜೀವಕ್ಕೆ ಜೊತೆ ತಂದುಕೊಡುವುದು ಒಳ್ಳೆಯ ಕೆಲಸವೇ ಅಲ್ಲವೇ ಸರ್?" ಎಂಬುದು ಅವಳ ಪ್ರಶ್ನೆ. ಅಲ್ಲ ಎಂಬುದು ನನ್ನ ಉತ್ತರ. ಅದು ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲವಾದ್ದರಿಂದ ಈ ಲೇಖನ.

ಮನೆಗಳಲ್ಲಿ ಹೆಚ್ಚಾಗಿ ಸಾಕುವ, ಕಿವಿಯ ಬಳಿ ಬಿಳಿ ಕೂದಲ ಕುಚ್ಚಿರುವ ಮಾರ್ಮೊಸೆಟ್‌ನ ತವರು ಬ್ರೆಜಿಲ್ ದೇಶದ ಈಶಾನ್ಯ ಭಾಗ. ಬೆಳೆದ ಪ್ರಾಣಿಯ ತೂಕ 300ರಿಂದ 400 ಗ್ರಾಂ. ನಮ್ಮ ಕಾಡಿನ ಕೆಂದಳಿಲಿನ ತೂಕದ ಸುಮಾರು ಕಾಲುಭಾಗ. ಹಲ್ಲಿನಿಂದ ಮರದ ತೊಗಟೆಯನ್ನು ಕೊರೆದು ಒಸರುವ ಅಂಟನ್ನು ನೆಕ್ಕುವುದು ಅದರ ಮುಖ್ಯ ಆಹಾರಕ್ರಮಗಳಲ್ಲೊಂದು. ಅದು ಹಾಗೆ ಕೊರೆಯುವ ಮರಗಳಲ್ಲಿ ಗೇರುಮರವೂ ಉಂಟು. ಪೋರ್ಚುಗೀಸರು ತಂದು ನಮ್ಮ ಕರಾವಳಿಯಲ್ಲಿ ನೆಟ್ಟ ಗೇರಿನ ಮೂಲವೂ ಅದೇ ಈಶಾನ್ಯ ಬ್ರೆಜಿಲ್. ಗೋಡಂಬಿ ಕಾರ್ಖಾನೆಗಳ ಊರಾದ ಮಂಗಳೂರಿಗೆ ಮರದ ಹಿಂದೆಯೇ ಮಂಗವೂ ಬಂದಿದೆ. ಮರ ಬರಲು ಹಡಗು ಬೇಕಾಯಿತು, ಮಂಗ ಬರಲು ಮೊಬೈಲ್ ಸಾಕಾಯಿತು.

ಕಾಡಿನಲ್ಲಿ ಮಾರ್ಮೊಸೆಟ್ ಒಂಟಿಯಾಗಿ ಬದುಕುವ ಪ್ರಾಣಿಯೇ ಅಲ್ಲ. ಮೂರರಿಂದ ಹದಿನೈದರವರೆಗೆ ಸದಸ್ಯರಿರುವ ಕುಟುಂಬವೇ ಅದರ ಊರು. ಹೆಣ್ಣು ಸಾಮಾನ್ಯವಾಗಿ ಅವಳಿ ಮರಿಗಳನ್ನು ಹೆರುತ್ತದೆ. ಅವುಗಳನ್ನು ಬೆನ್ನಿನ ಮೇಲೆ ಹೊತ್ತು ತಿರುಗುವವರು ತಂದೆ ಮತ್ತು ಹಿರಿಯ ಅಣ್ಣ-ಅಕ್ಕಂದಿರು. ಮರಿ ಸಾಕುವ ವಿದ್ಯೆಯನ್ನು ಎಳೆಯವು ಕಲಿಯುವುದು ಹೀಗೆ ತಮ್ಮ-ತಂಗಿಯರನ್ನು ಹೊತ್ತೇ. ಸಾಕುಪ್ರಾಣಿಯ ವ್ಯಾಪಾರ ಕತ್ತರಿ ಹಾಕುವುದು ಈ ಎಳೆಗೆ. ಮರಿ ಮನುಷ್ಯನಿಗೆ ಒಗ್ಗಬೇಕೆಂದರೆ ಅದನ್ನು ಕೆಲವೇ ವಾರಗಳ ಪ್ರಾಯದಲ್ಲಿ ತಾಯಿ-ತಂದೆಯಿಂದ ಬಿಡಿಸಿ ಸಿರಿಂಜಿನಲ್ಲಿ ಹಾಲು ಕುಡಿಸಿ ಬೆಳೆಸುತ್ತಾರೆ. "ಕೈಯಲ್ಲೇ ಬೆಳೆದದ್ದು, ಭುಜದಿಂದ ಇಳಿಯುವುದೇ ಇಲ್ಲ" ಎಂದು ಮಾರುವವನು ಹೊಗಳುವ ಗುಣ ವಾಸ್ತವದಲ್ಲಿ ಅನಾಥ ಮರಿಯೊಂದು ಹಿಡಿತಕ್ಕಾಗಿ ಪರದಾಡುವ ಲಕ್ಷಣ. ಎರಡು ವರ್ಷ ಕಳೆದು ಅದು ಪ್ರಾಯಕ್ಕೆ ಬಂದಾಗ ಕಚ್ಚತೊಡಗುತ್ತದೆ, ಕೂಗತೊಡಗುತ್ತದೆ. ಆಗ ಅದೇ ಮಾರಾಟಗಾರ ಎರಡನೆಯ ಮರಿಯನ್ನು ಔಷಧವೆಂದು ಮುಂದಿಡುತ್ತಾನೆ. ಒಂಟಿತನವನ್ನು ಉತ್ಪಾದಿಸಿದವನೇ ಅದಕ್ಕೆ ಪರಿಹಾರವನ್ನೂ ಮಾರುವುದು ಕೃಷಿಕರಿಗೆ ಹೊಸತಲ್ಲ. ಕೀಟದ ಶತ್ರುಗಳನ್ನೆಲ್ಲ ಕೊಂದ ಕೀಟನಾಶಕದ ಅಂಗಡಿಗೇ ಮರುವರ್ಷ ಇನ್ನೂ ಬಲವಾದ ಡಬ್ಬಿಗಾಗಿ ಹೋದವರು ನಾವು.

ಇನ್ನು ಜೊತೆ ಮಾಡುವುದೆಂದರೇನು? ಇನ್ನೊಂದನ್ನು ತಂದು ಅದೇ ಪಂಜರಕ್ಕೆ ಬಿಡುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗೆ ಮಾಡಿದರೆ ಒಂದು ಸಾಯುವ ಸಾಧ್ಯತೆ ಉಂಟು. ಮಾರ್ಮೊಸೆಟ್‌ಗೆ ಪಂಜರವೇ ತನ್ನ ಸೀಮೆ. ಮೈಯ ಗ್ರಂಥಿಗಳ ವಾಸನೆಯನ್ನು ಕೊಂಬೆಗಳಿಗೆ ಉಜ್ಜಿ ಅದು ಗಡಿ ಗುರುತು ಹಾಕಿರುತ್ತದೆ. ಅಲ್ಲಿಗೆ ಬಂದ ಅಪರಿಚಿತ, ಅದರಲ್ಲೂ ಅದೇ ಲಿಂಗದ ಅಪರಿಚಿತ, ಶತ್ರುವೇ ಸರಿ. ಎರಡು ಹೆಣ್ಣುಗಳ ಕಾದಾಟ ಅತಿ ಭೀಕರ. ಒಂದು ಕುಟುಂಬದಲ್ಲಿ ಸಾಮಾನ್ಯವಾಗಿ ಒಂದೇ ಹೆಣ್ಣು ಹೆರುತ್ತದೆ, ಉಳಿದ ಹೆಣ್ಣುಗಳ ಅಂಡೋತ್ಪತ್ತಿಯೇ ಅದರ ಇರುವಿಕೆಯಿಂದ ನಿಂತುಹೋಗುತ್ತದೆ. ಆದುದರಿಂದ ತಿಳಿದವರು ಮೊದಲು ಹೊಸ ಪ್ರಾಣಿಯನ್ನು ಕನಿಷ್ಠ ಒಂದು ತಿಂಗಳು ಬೇರೆ ಕೋಣೆಯಲ್ಲಿರಿಸಿ ಮಲ, ರಕ್ತ ಪರೀಕ್ಷೆ ಮಾಡಿಸುತ್ತಾರೆ. ಬಳಿಕ ಎರಡರ ಹಾಸುಬಟ್ಟೆಗಳನ್ನು ಅದಲುಬದಲು ಮಾಡಿ ಪರಸ್ಪರ ವಾಸನೆ ಪರಿಚಯಿಸುತ್ತಾರೆ. ಆಮೇಲೆ ಎರಡು ಪಂಜರಗಳನ್ನು, ಬೆರಳು ತಾಗದಷ್ಟು ಅಂತರವಿಟ್ಟು, ದಿನಗಟ್ಟಲೆ ಎದುರುಬದುರು ಇಡುತ್ತಾರೆ. ಒಂದನ್ನೊಂದು ನೋಡಿ ಮೈ ನಿಗುರಿಸುವುದು ನಿಂತ ಮೇಲೆ, ಎರಡಕ್ಕೂ ಹೊಸತಾದ ಮೂರನೆಯ ಪಂಜರದಲ್ಲಿ, ಎರಡು ಗೂಡುಪೆಟ್ಟಿಗೆ, ಎರಡು ತಟ್ಟೆ, ಅಡಗಲು ಸೊಪ್ಪಿನ ಮರೆ ಇರಿಸಿ, ಹಗಲಿನಲ್ಲಿ ಮಾತ್ರ, ಕಣ್ಣೆದುರಿಗೇ ಬಿಡುತ್ತಾರೆ. ರಕ್ತ ಕಂಡರೆ ಮತ್ತೆ ಮೊದಲಿನಿಂದ. ಮನುಷ್ಯನ ಕೈಯಲ್ಲೇ ಬೆಳೆದ ಪ್ರಾಣಿಗಾದರೋ ತನ್ನ ಜಾತಿಯ ಭಾಷೆಯೇ ಮರೆತಿರುತ್ತದೆ. ಜೊತೆ ಬಂದರೂ ಅದಕ್ಕೆ ಅದು ಜೊತೆಯೆಂದು ತಿಳಿಯದೆ ಹೋಗಬಹುದು. ಇಷ್ಟನ್ನು ಎರಡು ಕೋಣೆಯ ಫ್ಲಾಟಿನಲ್ಲಿ, ಹಗಲೆಲ್ಲ ಕಚೇರಿಯಲ್ಲಿರುವವರು ಮಾಡಬಲ್ಲರೇ?

ಇದರ ಮೇಲೆ ಕರಾವಳಿಯ ಮಳೆಗಾಲ. ಅಮೆರಿಕ ಖಂಡದ ಈ ಮಂಗಗಳಿಗೆ ಡಿ3 ಜೀವಸತ್ವವೇ ಬೇಕು, ಸಸ್ಯಮೂಲದ ಡಿ2 ಸಾಲದು. ಅದಕ್ಕೆ ಬೇಕಾದ ಅತಿನೇರಳೆ ಕಿರಣ ಕಿಟಕಿಯ ಗಾಜನ್ನು ದಾಟಿ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲಿ ಬಿಸಿಲೇ ಅಪರೂಪ. ಮೂಳೆ ಮೆದುವಾಗಿ ಬಾಗಿದ ಮೇಲೆ ಯಾವ ಜೊತೆಯೂ ಅದನ್ನು ನೆಟ್ಟಗೆ ಮಾಡದು. ಮನುಷ್ಯನ ತುಟಿಯ ಮೇಲೆ ಏಳುವ ಸಾಮಾನ್ಯ ಜ್ವರಗುಳ್ಳೆಯ ವೈರಾಣು ಮಾರ್ಮೊಸೆಟ್‌ಗೆ ತಗುಲಿದರೆ ಕೆಲವೇ ದಿನಗಳಲ್ಲಿ ಪ್ರಾಣ ಹೋಗುತ್ತದೆ ಎಂಬುದನ್ನು, ಅದನ್ನು ಮುದ್ದಿಸಿ ಚಿತ್ರ ತೆಗೆಸಿಕೊಳ್ಳುವವರು ಬಲ್ಲರೋ ಇಲ್ಲವೋ.

ಈಗ ವ್ಯಾಪಾರದ ಮಾತಿಗೆ ಬರೋಣ. ಎರಡು ಹೆಣ್ಣು ಕಾದಾಡುತ್ತವೆ, ಸರಿ, ಹೆಣ್ಣಿಗೆ ಗಂಡನ್ನೇ ತರೋಣ ಎನ್ನುತ್ತಾರೆ. ಗರ್ಭಾವಧಿ ಸುಮಾರು ಐದು ತಿಂಗಳು. ಹೆತ್ತ ಕೆಲವೇ ದಿನಗಳಲ್ಲಿ ಮತ್ತೆ ಗರ್ಭ ಕಟ್ಟಬಲ್ಲದು. ವರ್ಷಕ್ಕೆ ಎರಡು ಬಾಣಂತನ, ನಾಲ್ಕು ಮರಿ. ಅವನ್ನು ಎಲ್ಲಿಡುವುದು? ಮಾರುವುದು. ಯಾರಿಗೆ? ಒಂಟಿ ಮಾರ್ಮೊಸೆಟ್ ಇರುವ ಇನ್ನೊಂದು ಮನೆಗೆ, ಇಲ್ಲವೇ ಹೊಸದಾಗಿ ಒಂಟಿ ಮರಿ ಸಾಕುವ ಹುಮ್ಮಸ್ಸಿನವರಿಗೆ. ಕರುಣೆಯಿಂದ ಎರಡನೆಯದನ್ನು ತಂದ ಗೃಹಸ್ಥ ಎರಡೇ ವರ್ಷದಲ್ಲಿ ಸ್ವತಃ ವ್ಯಾಪಾರಿಯಾಗಿರುತ್ತಾನೆ, ಮರಿಯನ್ನು ತಾಯಿಯಿಂದ ಬಿಡಿಸುವ ಕೆಲಸವೂ ಅವನ ಕೈಗೇ ಬಂದಿರುತ್ತದೆ.

"ಇಲ್ಲೇ ಹುಟ್ಟಿದ ಮರಿಗಳಾದರೆ ತಪ್ಪೇನು, ಕಾಡಿನಿಂದ ಹಿಡಿದದ್ದಲ್ಲವಲ್ಲ" ಎಂಬ ವಾದವನ್ನು ವಿದ್ಯಾವಂತರಿಂದಲೇ ಕೇಳಿದ್ದೇನೆ. ಇಲ್ಲಿ ಹುಟ್ಟಿದ ಮರಿ ಯಾವುದು, ಚೀಲದೊಳಗೆ ಬಂದ ಮರಿ ಯಾವುದು ಎಂದು ಹೇಳುವ ಗುರುತು ಅವುಗಳ ಮೈಮೇಲೆ ಇರುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಲಗೇಜಿನೊಳಗೆ 72 ಹಾವುಗಳೊಡನೆ 6 ಕಾಪುಚಿನ್ ಮಂಗಗಳು ಸಿಕ್ಕಿದವು, ಆರೂ ಸತ್ತಿದ್ದವು. ಅವೂ ದಕ್ಷಿಣ ಅಮೆರಿಕದ ಮೂಲದವೇ. ಅದಕ್ಕೆ ಹಿಂದಿನ ತಿಂಗಳಷ್ಟೇ ಅದೇ ನಿಲ್ದಾಣದಲ್ಲಿ 234 ಪ್ರಾಣಿಗಳು ಸಿಕ್ಕಿದ್ದವು, ಪ್ಲಾಸ್ಟಿಕ್ ಡಬ್ಬದಲ್ಲಿ ಉಸಿರುಕಟ್ಟಿ ಸತ್ತ ಕಾಂಗರೂ ಮರಿಯೂ ಸೇರಿ. ಸಿಕ್ಕಿಬಿದ್ದವುಗಳ ಲೆಕ್ಕವಷ್ಟೇ ಇದು. ಒಂದು ಹಿಡಿ ಬೀಜವನ್ನು ಹೊರದೇಶದಿಂದ ತರಿಸಬೇಕಾದರೆ 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಅನುಮತಿ, ಪರೀಕ್ಷೆ, ಪ್ರಮಾಣಪತ್ರ ಎಲ್ಲವೂ ಬೇಕು. ಅದು ಸರಿಯಾದದ್ದೇ. ಆದರೆ ರೋಗ ಹೊತ್ತು ತರಬಲ್ಲ ಜೀವಂತ ಮಂಗದ ವಿಷಯದಲ್ಲಿ ಇದೇ ಸರ್ಕಾರ 2020ರ ಜೂನ್‌ನಲ್ಲಿ, ಆರು ತಿಂಗಳೊಳಗೆ ತಾವಾಗಿ ಘೋಷಿಸಿಕೊಂಡರೆ ದಾಖಲೆಗಳನ್ನೇ ಕೇಳುವುದಿಲ್ಲ ಎಂಬ ಸೂಚನೆ ಹೊರಡಿಸಿತು. ಮಂಗನ ಕಾಯಿಲೆಯನ್ನು 1957ರಿಂದ ಉಣ್ಣುತ್ತಿರುವ ಶಿವಮೊಗ್ಗ ಜಿಲ್ಲೆಯ ಜನರನ್ನು ಕೇಳಿ ಇಂಥ ಸೂಚನೆ ಬರೆದಿದ್ದರೆ ಅದರ ಧಾಟಿ ಬೇರೆಯಾಗಿರುತ್ತಿತ್ತು.

ಕಾನೂನು ಅನಂತರ ಸ್ವಲ್ಪ ಬಿಗಿಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳು ಈಗ ನಾಲ್ಕನೆಯ ಅನುಸೂಚಿಯಲ್ಲಿವೆ. ಮಾರ್ಮೊಸೆಟ್ ಅದರೊಳಗೆ ಬರುತ್ತದೆ. 2024ರ ಫೆಬ್ರವರಿಯ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಪರಿವೇಶ್ ಜಾಲದಲ್ಲಿ ನೋಂದಾಯಿಸಲೇಬೇಕು. ಹೊಸದಾಗಿ ಪಡೆದರೆ 30 ದಿನಗಳೊಳಗೆ. ಹುಟ್ಟು, ಸಾವು, ಹಸ್ತಾಂತರ ಎಲ್ಲವನ್ನೂ ತಿಳಿಸಬೇಕು. ನೋಂದಣಿ ಒಳ್ಳೆಯದೇ. ಆದರೆ ನಮ್ಮ ಕಾಡಿನ ಮಂಗ, ಮುಸುವ, ಕಾಡುಪಾಪಗಳನ್ನು ಮನೆಯಲ್ಲಿ ಕಟ್ಟಿಹಾಕುವುದು ಅಪರಾಧ, ಬ್ರೆಜಿಲಿನ ಮಂಗವನ್ನು ಕಟ್ಟಿಹಾಕುವುದು ಬರೇ ಒಂದು ಅರ್ಜಿಯ ವಿಷಯ ಎಂಬ ಭೇದಕ್ಕೆ ಯಾವ ಜೀವವಿಜ್ಞಾನವೂ ಆಧಾರ ಒದಗಿಸುವುದಿಲ್ಲ.

ಘಟ್ಟದ ಮೇಲಿನವರಿಗೆ ಭಯವಿರಬೇಕಾದದ್ದು ಮುಂದಿನ ಹಂತದಲ್ಲಿ. ಸಾಕಿ ಸಾಕಾದವರು ಏನು ಮಾಡುತ್ತಾರೆ? ಬ್ರೆಜಿಲಿನಲ್ಲಿ ಏನಾಯಿತೆಂಬುದು ಗೊತ್ತಿದೆ. ಈಶಾನ್ಯದಿಂದ ರಿಯೊ ಡಿ ಜನೈರೊದ ಕಡೆಗೆ ಸಾಕಲೆಂದು ಒಯ್ದ ಮಾರ್ಮೊಸೆಟ್‌ಗಳನ್ನು ಜನ ಹತ್ತಿರದ ಕಾಡಿಗೆ ಬಿಟ್ಟರು. ಅವು ಅಲ್ಲಿ ಹಬ್ಬಿ, ಹಕ್ಕಿಗೂಡುಗಳಿಗೆ ಕೈಯಿಕ್ಕಿ, ಅಲ್ಲಿಯದೇ ಆದ ಅಪರೂಪದ ಇನ್ನೊಂದು ಜಾತಿಯ ಮಾರ್ಮೊಸೆಟ್‌ನೊಡನೆ ಬೆರೆತು ಅದರ ತಳಿಯನ್ನೇ ಕೆಡಿಸುತ್ತಿವೆ. ಒಂದೇ ದೇಶದೊಳಗೆ ಇಷ್ಟಾಯಿತು. ಒಂಟಿ ಪ್ರಾಣಿ ತಪ್ಪಿಸಿಕೊಂಡರೆ ಅದು ಸಾಯುತ್ತದೆ, ಅಷ್ಟೇ. ಜೋಡಿ ತಪ್ಪಿಸಿಕೊಂಡರೆ ಸಂತಾನ ಬೆಳೆಯಬಹುದು. ಲಂಟಾನವನ್ನು ಅಲಂಕಾರದ ಗಿಡವೆಂದು ತಂದವರು, ಆಫ್ರಿಕಾದ ಬಸವನಹುಳುವನ್ನು ಕುತೂಹಲಕ್ಕೆ ತಂದವರು ಇಂದು ಇಲ್ಲ. ಅವುಗಳನ್ನು ಕಿತ್ತು, ಹೆಕ್ಕಿ ಸೊಂಟ ಬಿದ್ದವರು ನಾವಿದ್ದೇವೆ.

ಹಾಗಾದರೆ ಆ ಫ್ಲಾಟಿನ ಪ್ರಾಣಿ ಒಂಟಿಯಾಗಿಯೇ ಸಾಯಲಿ ಎನ್ನುವಿರಾ ಎಂದು ಕೇಳಿದರೆ, ಇಲ್ಲ. ಅದರ ಸಂಕಟ ನಿಜ, ಅದಕ್ಕೆ ಜೊತೆ ಬೇಕೆಂಬುದೂ ನಿಜ. ನಮ್ಮ ಮೃಗಾಲಯಗಳಿಗೆ 1992ರ ಮಾನ್ಯತಾ ನಿಯಮಗಳಲ್ಲೇ, ಸಕಾರಣವಿಲ್ಲದೆ ಯಾವ ಪ್ರಾಣಿಯನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಸಂಗಾತಿಯಿಲ್ಲದೆ ಇಡಕೂಡದೆಂದು ಬರೆಯಲಾಗಿತ್ತು. ಬರೆದದ್ದು ಪಾಲನೆಯಾಗುತ್ತದೆಂದಲ್ಲ, ದೆಹಲಿ ಮೃಗಾಲಯದ ಆಫ್ರಿಕಾ ಆನೆ ಶಂಕರ್ ಜೊತೆಗಾತಿ ಸತ್ತ ಬಳಿಕ ಸುಮಾರು ಎರಡು ದಶಕ ಒಂಟಿಯಾಗಿದ್ದು 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿತು. ಆದರೂ ಮೃಗಾಲಯಕ್ಕೆ ಒಂದು ನಿಯಮವಾದರೂ ಇತ್ತು, ಮನೆಯ ಪಂಜರಕ್ಕೆ ಅದೂ ಇಲ್ಲ.

ಜೊತೆಯನ್ನು ಕೊಳ್ಳಬೇಕಾಗಿಲ್ಲ, ಹುಡುಕಬೇಕು. ನೋಂದಣಿಯ ಪಟ್ಟಿ ಸರ್ಕಾರದ ಬಳಿ ಈಗಾಗಲೇ ಇದೆ. ಯಾವ ಊರಿನಲ್ಲಿ ಯಾವ ಜಾತಿಯ, ಯಾವ ಲಿಂಗದ ಪ್ರಾಣಿ ಒಂಟಿಯಾಗಿದೆ ಎಂಬುದನ್ನು ಅದರಿಂದಲೇ ತೆಗೆಯಬಹುದು. ಅವುಗಳಲ್ಲಿ ಎರಡನ್ನು ಒಂದೆಡೆ ಸೇರಿಸುವ ಕೆಲಸವನ್ನು ಅರಣ್ಯ ಇಲಾಖೆ ವಹಿಸಿಕೊಳ್ಳಲಿ. ಮಂಗಳೂರಿನವರಿಗೆ ಪಿಲಿಕುಳದ ಜೈವಿಕ ಉದ್ಯಾನ ಕೂಗಳತೆಯಲ್ಲಿದೆ; ಪ್ರದರ್ಶನಕ್ಕಲ್ಲದೆ ಇಂಥ ಪ್ರಾಣಿಗಳ ಪ್ರತ್ಯೇಕವಾಸಕ್ಕೂ ಪರಿಚಯಕ್ಕೂ ಅಲ್ಲಿ ಒಂದು ಮೂಲೆ ಮೀಸಲಾಗಲಿ, ಖರ್ಚನ್ನು ಸಾಕಿದವರಿಂದಲೇ ವಸೂಲು ಮಾಡಲಿ. ಜೋಡಿ ಮಾಡುವ ಮುನ್ನ ಗಂಡಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಕಡ್ಡಾಯವಾಗಲಿ. ಮರಿ ಹುಟ್ಟದಿದ್ದರೆ ಮಾರಾಟವಿಲ್ಲ. ಹದಿನೈದು ವರ್ಷಗಳಲ್ಲಿ ಈ ಪ್ರಾಣಿಗಳು ಒಂದೊಂದಾಗಿ ಗೌರವದಿಂದ ಸಾಯುತ್ತವೆ, ಪಂಜರಗಳು ಖಾಲಿಯಾಗುತ್ತವೆ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೊಂದಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮಂಗಳೂರಿನ ಅರಣ್ಯ ಇಲಾಖೆಗೆ ಮೂರು ಪ್ರಶ್ನೆ ಬರೆಯಿರಿ: ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ನೋಂದಣಿಯಾದ ಮಾರ್ಮೊಸೆಟ್‌ಗಳೆಷ್ಟು, ಅವುಗಳಲ್ಲಿ ಒಂಟಿಯಾಗಿರುವವೆಷ್ಟು, 2024ರ ನಂತರ ಅವುಗಳಿಗೆ ಹುಟ್ಟಿದ ಮರಿಗಳೆಷ್ಟು ಮತ್ತು ಎಲ್ಲಿಗೆ ಹೋದವು. ಮಾಲೀಕರ ಹೆಸರು ಕೇಳುವ ಅಗತ್ಯವಿಲ್ಲ. ಶುಲ್ಕ ಹತ್ತು ರೂಪಾಯಿ. ಉತ್ತರ ಬಂದ ದಿನ ಅದರ ಪ್ರತಿಯೊಂದನ್ನು ನಮ್ಮ ಬಳಗಕ್ಕೂ ಕಳುಹಿಸಿ.