ಮಳೆಯ ವಾಸನೆ ಗಾಜಿನ ಕೊಳವೆಯಲ್ಲಿ, ಕಗ್ಗದ ಲೆಕ್ಕ ಯಾರ ಬಳಿ?

ಮುಂಗಾರಿನ ಮೊದಲ ಹನಿ ಕಾದ ನೆಲಕ್ಕೆ ಬಿದ್ದೊಡನೆ ಏಳುವ ವಾಸನೆಯನ್ನು ಕುಮಟಾ, ಹೊನ್ನಾವರ, ಭಟ್ಕಳದ ರೈತರಿಗೆ ಯಾರೂ ಪರಿಚಯಿಸಬೇಕಾಗಿಲ್ಲ. ಅದರಲ್ಲಿ ಮಣ್ಣಿನ ಕಂಪನ್ನು ಕೊಡುವ ದ್ರವ್ಯದ ಹೆಸರು ಜಿಯೋಸ್ಮಿನ್. ಮಣ್ಣಿನಲ್ಲಿ ಬದುಕುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಾಣು ಅದನ್ನು ತಯಾರಿಸುತ್ತದೆ. ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗದಷ್ಟಿದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳ ತಂಡವೊಂದು ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ವಿಜ್ಞಾನಿಗಳ ನೆರವಿನಿಂದ ಈ ಗುಣಕ್ಕೆ ಕಾರಣವಾದ ಜೀನನ್ನು ಇ. ಕೊಲೈ ಎಂಬ ಇನ್ನೊಂದು ಸೂಕ್ಷ್ಮಾಣುವಿಗೆ ಸೇರಿಸಿ, ಮಳೆಯ ವಾಸನೆಯನ್ನು ಪ್ರಯೋಗಾಲಯದಲ್ಲಿ ಹುಟ್ಟಿಸುವ ಯೋಜನೆಯನ್ನು ಕೈಗೊಂಡಿತು. ಅಮೆರಿಕದ ಎಂ.ಐ.ಟಿ.ಯಲ್ಲಿ ಆರಂಭಗೊಂಡ ಐಜೆಮ್ ಎಂಬ ವಿದ್ಯಾರ್ಥಿ ಸ್ಪರ್ಧೆಗಾಗಿ ನಡೆದ ಕೆಲಸವಿದು. ಚಿತ್ರ ಬಿಡಿಸುವವರು ಜೀವಕೋಶವನ್ನು ತಿದ್ದಬಲ್ಲರೆಂದು ಅಂದು ಅನೇಕರು ಬೆರಗಾದರು. ಬೆರಗಿನ ಜೊತೆಗೆ ಕೇಳಬೇಕಾಗಿದ್ದ ಪ್ರಶ್ನೆಗಳು ಬೇರೆಯೇ ಇದ್ದವು.

ಆ ಸ್ಪರ್ಧೆಯ ಒಂದು ಪದ್ಧತಿಯನ್ನು ಮೊದಲಿಗೇ ಮೆಚ್ಚಬೇಕು. ಪ್ರತಿ ತಂಡವೂ ತನ್ನ ಪ್ರಯೋಗಾಲಯದ ದಿನಚರಿಯನ್ನು ಯಾರು ಬೇಕಾದರೂ ಓದುವಂತೆ ತೆರೆದಿಡುತ್ತದೆ. ಬಹಳಷ್ಟು ತಂಡಗಳು ವಾರವಾರದ ಪ್ರಗತಿಯನ್ನು ಬರೆಯುತ್ತವೆ. ಪ್ರಗತಿಯೆಂದರೆ ಬಹುಪಾಲು ಸೋಲಿನ ವರದಿ. ಒಂದು ವಾರ ಡಿ.ಎನ್.ಎ. ತುಣುಕನ್ನು ಕಿಣ್ವದಿಂದ ಕತ್ತರಿಸಿ ಇನ್ನೊಂದಕ್ಕೆ ಅಂಟಿಸುವುದು. ಮಂಜುಗಡ್ಡೆಯಲ್ಲಿಟ್ಟ ಜೀವಕೋಶಗಳನ್ನು ಒಮ್ಮೆಲೇ 42 ಡಿಗ್ರಿ ಬಿಸಿಗೆ ಒಡ್ಡಿ, ಹೊಸ ಡಿ.ಎನ್.ಎ. ಒಳಹೊಗುವಂತೆ ಮಾಡುವುದು, ಪ್ರತಿಜೈವಿಕ ಔಷಧ ಬೆರೆಸಿದ ತಟ್ಟೆಯ ಮೇಲೆ ಹರಡಿ ರಾತ್ರಿಯಿಡೀ ಕಾಯುವುದು. ಬೆಳಿಗ್ಗೆ ನೋಡಿದರೆ ತಟ್ಟೆ ಬರಿದು. ಮುಂದಿನ ವಾರ ಅದೇ ಕೆಲಸ ಮತ್ತೆ. ಮೂರನೆಯ ವಾರ ನಾಲ್ಕು ಚುಕ್ಕೆಗಳು ಮೂಡುತ್ತವೆ, ಪರೀಕ್ಷಿಸಿದರೆ ಅವುಗಳಲ್ಲಿ ಬೇಕಾದ ಜೀನ್ ಇರುವುದಿಲ್ಲ. ಇಪ್ಪತ್ತರ ವಯಸ್ಸಿನ ಹುಡುಗ ಹುಡುಗಿಯರು ಇದನ್ನೆಲ್ಲ ನಾಚದೆ ಬರೆದಿಡುತ್ತಾರೆ. ಕರಾವಳಿಯ ಮೇಲೆ ಹೇರಲಾದ ಯಾವ ದೊಡ್ಡ ಯೋಜನೆಯ ಪರಿಸರ ವರದಿಯಲ್ಲಾದರೂ ‘ಈ ವಾರ ಎಣಿಸಿದಂತೆ ಆಗಲಿಲ್ಲ’ ಎಂಬ ಒಂದು ಸಾಲನ್ನು ಗ್ರಾಮಸ್ಥರು ಓದಿದ್ದುಂಟೇ?

ಆದರೆ ಈ ದಿನಚರಿಯ ಮೊದಲ ಪುಟ ಆರಂಭವಾಗುವುದು ಕೊಳವೆಯಿಂದ. ಕೊಳವೆಯೊಳಗಿನ ಜೀನ್ ಎಲ್ಲಿಂದ ಬಂತು, ಅದನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದವರು ಯಾರು ಎಂಬ ಪುಟ ಅದರಲ್ಲಿರುವುದು ಅಪರೂಪ. ಮಳೆಯ ವಾಸನೆಯ ಮಟ್ಟಿಗೆ ಇದು ದೊಡ್ಡ ಲೋಪವಲ್ಲ. ಸ್ಟ್ರೆಪ್ಟೊಮೈಸಿಸ್ ಜಗತ್ತಿನ ಎಲ್ಲ ಹೊಲಗಳಲ್ಲೂ ಇದೆ, ಅದು ಯಾರೊಬ್ಬರ ಸ್ವತ್ತೂ ಅಲ್ಲ. (ಆದರೂ ಒಂದು ಮಾತು. 1964ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ಈ ವಾಸನೆಗೆ ಪೆಟ್ರಿಕೋರ್ ಎಂದು ನಾಮಕರಣ ಮಾಡುವ ಮೊದಲೇ ಕನೌಜಿನ ಅತ್ತರಿನವರು ಸುಟ್ಟ ಮಣ್ಣಿನಿಂದ ಅದನ್ನು ಬಟ್ಟಿಯಿಳಿಸಿ ಮಾರುತ್ತಿದ್ದರು.) ಅಘನಾಶಿನಿಯ ಕಗ್ಗದ ವಿಷಯ ಹಾಗಲ್ಲ.

ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಮೊದಲಾದ ಊರುಗಳ ಗಜನಿಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನು ತಾಳಿಕೊಳ್ಳುತ್ತದೆ, ನೆರೆ ಏರಿದರೆ ಕೆಲದಿನ ಮುಳುಗಿಯೂ ಉಳಿಯುತ್ತದೆ, ಗೊಬ್ಬರ ಬೇಡುವುದಿಲ್ಲ. ಇದು ತಾನಾಗಿಯೇ ಆದ ಪವಾಡವಲ್ಲ. ಕಟ್ಟೆ ಹಾಕಿ, ಬಾಗಿಲು ತೆರೆದು ಮುಚ್ಚಿ, ಒಳ್ಳೆಯ ತೆನೆಯನ್ನು ಆರಿಸಿ ಬೀಜಕ್ಕಿಟ್ಟ ಒಕ್ಕಲುಗಳ ತಲೆಮಾರುಗಳ ದುಡಿಮೆ ಅದರಲ್ಲಿದೆ. ಇಂಥದೇ ಉಪ್ಪುಸಹಿಷ್ಣು ತಳಿಯಾದ ಕೇರಳದ ಪೊಕ್ಕಾಳಿಯ ಕಥೆಯನ್ನು ಗಮನಿಸಬೇಕು. ಅದರಲ್ಲಿ ‘ಸಾಲ್ಟಾಲ್’ ಎಂದು ಗುರುತಿಸಲಾದ ವರ್ಣತಂತುವಿನ ಭಾಗವನ್ನು ತಳಿಸಂಕರದ ಮೂಲಕ ಏಷ್ಯಾದ ಹಲವು ಭತ್ತದ ತಳಿಗಳಿಗೆ ಸೇರಿಸಲಾಗಿದೆ. ಸಮುದ್ರ ಏರುತ್ತಿರುವ ಕಾಲದಲ್ಲಿ ಅದು ಉಪಕಾರದ ಕೆಲಸವೇ. ಪೊಕ್ಕಾಳಿ ಗದ್ದೆಗಳು ಮಾತ್ರ ಕುಗ್ಗುತ್ತಲೇ ಬಂದಿವೆ. ಗುಣ ಲೋಕಕ್ಕೆ ಸಂದಿತು, ಗದ್ದೆ ಪಾಳುಬಿತ್ತು.

ಪೊಕ್ಕಾಳಿಯ ಕಾಲದಲ್ಲಿ ಬೀಜವನ್ನಾದರೂ ಒಯ್ಯಬೇಕಿತ್ತು. ಈಗ ಅದೂ ಬೇಡ. ಒಮ್ಮೆ ಜೀನಿನ ಅನುಕ್ರಮವನ್ನು ಓದಿ ದತ್ತಕೋಶಕ್ಕೆ ಸೇರಿಸಿದರೆ, ಅದೇ ಅಕ್ಷರಗಳ ಸರಣಿಯನ್ನು ಯಾವ ದೇಶದ ಯಾವ ಪ್ರಯೋಗಾಲಯವೂ ಕೃತಕವಾಗಿ ತಯಾರಿಸಿ ಅಂಚೆಯಲ್ಲಿ ತರಿಸಿಕೊಳ್ಳಬಹುದು. ವಿದ್ಯಾರ್ಥಿ ತಂಡಗಳು ಮಾಡುತ್ತಿರುವುದೂ ಬಹುಮಟ್ಟಿಗೆ ಇದನ್ನೇ. 2002ರ ಜೀವವೈವಿಧ್ಯ ಕಾಯಿದೆಯನ್ನು ಬರೆದವರ ಕಣ್ಣಮುಂದೆ ಇದ್ದವನು ಮೂಟೆ ಹೊತ್ತೊಯ್ಯುವ ವ್ಯಾಪಾರಿ, ಅಕ್ಷರ ನಕಲಿಸುವವನಲ್ಲ. ಜಗತ್ತು ಈ ಪ್ರಶ್ನೆಗೆ ಎಚ್ಚೆತ್ತದ್ದು ತಡವಾಗಿ. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ತಾತ್ತ್ವಿಕ ಒಪ್ಪಿಗೆಯಾಯಿತು, 2025ರ ಫೆಬ್ರವರಿಯಲ್ಲಿ ಕಾಲಿ ನಿಧಿ ಆರಂಭವಾಯಿತು. ಅನುಕ್ರಮಗಳಿಂದ ಲಾಭ ಪಡೆಯುವ ದೊಡ್ಡ ಕಂಪನಿಗಳು ಲಾಭದ ಶೇ. 1 ಅಥವಾ ವರಮಾನದ ಶೇ. 0.1 ಭಾಗವನ್ನು ಕೊಡಬೇಕೆಂಬ ಸೂಚನೆ ಅದರಲ್ಲಿದೆ. ಕೊಡದಿದ್ದರೆ? ಏನೂ ಇಲ್ಲ. ದೇಶದೊಳಗೆ 2023ರ ತಿದ್ದುಪಡಿಯು ಕಾಯಿದೆಯ ಉಲ್ಲಂಘನೆಗೆ ಇದ್ದ ಜೈಲುಶಿಕ್ಷೆಯನ್ನೇ ತೆಗೆದುಹಾಕಿ ದಂಡಕ್ಕೆ ಇಳಿಸಿತು.

‘ಇದೆಲ್ಲ ಹಳ್ಳಿಗರಿಗೆ ಅರ್ಥವಾಗುವ ವಿಷಯವಲ್ಲ, ತಜ್ಞರಿಗೆ ಬಿಡಿ’ ಎನ್ನುವ ಪಂಡಿತರಿಗೆ ಉತ್ತರ ಕಷ್ಟವಲ್ಲ. ಘಟ್ಟದ ಕೆಳಗೂ ಮೇಲೂ ವೆನಿಲಾ ಬಳ್ಳಿ ನೆಟ್ಟವರು ಇನ್ನೂ ಬದುಕಿದ್ದಾರೆ. 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ. ಕೋಡುಗಳನ್ನು ರಾತ್ರಿ ಕಾವಲು ಕಾಯ್ದ ತೋಟಗಳುಂಟು. ಕೆಲವೇ ವರ್ಷಗಳಲ್ಲಿ ಕೇಳುವವರಿಲ್ಲ. ಮಡಗಾಸ್ಕರಿನ ಬೆಳೆ ಚೇತರಿಸಿಕೊಂಡಿತ್ತು, ಕಾರ್ಖಾನೆಯ ವೆನಿಲಿನ್ ಅಗ್ಗವಾಗಿ ಸಿಗುತ್ತಿತ್ತು. 2014ರಿಂದೀಚೆಗೆ ಜೀನ್ ತಿದ್ದಿದ ಯೀಸ್ಟಿನಿಂದ ಮಾಡಿದ ವೆನಿಲಿನ್ ಕೂಡ ಮಾರುಕಟ್ಟೆಯಲ್ಲಿದೆ. ಉಪ್ಪಾಗೆಯ ನೆನಪೂ ಹಳೆಯದಲ್ಲ. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಮಾತ್ರೆಗೆಂದು ವಿದೇಶದಿಂದ ಬೇಡಿಕೆ ಬಂದಾಗ ಉತ್ತರ ಕನ್ನಡದ ಕಾಡಿನಲ್ಲಿ ಬಲಿಯದ ಕಾಯನ್ನೂ ಕೊಯ್ದು, ಕೊಂಬೆಯನ್ನೂ ಮುರಿದು, ಸಿಪ್ಪೆ ಒಣಗಿಸಲು ಗಾಡಿಗಟ್ಟಲೆ ಸೌದೆ ಸುಟ್ಟದ್ದಾಯಿತು. 1998ರಲ್ಲಿ ಅಮೆರಿಕದ ವೈದ್ಯರ ಪರೀಕ್ಷೆಯೊಂದು ಆ ಮಾತ್ರೆಯಿಂದ ತೂಕ ಇಳಿಯುವುದು ಕಂಡುಬರಲಿಲ್ಲವೆಂದಿತು. ದೂರದ ಪ್ರಯೋಗಾಲಯದ ಒಂದು ಸಾಲು ಇಲ್ಲಿನ ಅಡುಗೆಮನೆಯನ್ನು ಹೇಗೆ ತಟ್ಟುತ್ತದೆಂಬುದು ಹಳ್ಳಿಗರಿಗೆ ತಜ್ಞರಿಗಿಂತ ಚೆನ್ನಾಗಿ ಗೊತ್ತು.

ಚಳವಳಿಯ ಒಳಗಿರುವ ಇನ್ನೊಂದು ವಾದವನ್ನೂ ಖಂಡಿಸದೆ ವಿಧಿಯಿಲ್ಲ. ಪ್ರಯೋಗಾಲಯವೆಂದರೆ ಕುಲಾಂತರಿ, ಕುಲಾಂತರಿಯೆಂದರೆ ವಿಷ, ಆದ್ದರಿಂದ ಬಾಗಿಲು ಮುಚ್ಚಿಸಿ ಎಂಬ ವಾದವದು. ಬಿ.ಟಿ. ಬದನೆಯ ಹೋರಾಟವನ್ನು ಗಟ್ಟಿಗೊಳಿಸಿದ್ದು ಬರಿಯ ಘೋಷಣೆಯಲ್ಲ. ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು ಬಳಸುವಾಗ ಕಾಯಿದೆಯಂತೆ ಸ್ಥಳೀಯ ಸಮಿತಿಗಳನ್ನು ಕೇಳಿಲ್ಲವೆಂಬ ದೂರು ದಾಖಲೆಸಹಿತ ಎದ್ದು, ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವು 2011ರಲ್ಲಿ ಕಾನೂನು ಕ್ರಮಕ್ಕೆ ತೀರ್ಮಾನಿಸಬೇಕಾಯಿತು. ಸೃಷ್ಟಿಯ ವಿದ್ಯಾರ್ಥಿಗಳೇ 2011ರಲ್ಲಿ ಕೈಗೆತ್ತಿಕೊಂಡ ವಿಷಯವನ್ನು ನೋಡಿದರೆ ಈ ವಾದಿಗಳು ಅಚ್ಚರಿಪಟ್ಟಾರು: ಜೀನ್ ತಿದ್ದಿದ ಜೀವಿಗಳ ಕುರುಹು ಪ್ರಯೋಗಾಲಯದ ಹೊರಗೆ ಎಲ್ಲಾದರೂ ಸೇರಿಕೊಂಡಿದೆಯೇ ಎಂದು ಹುಡುಕುವುದು. ಆ ಉಪಕರಣ, ಆ ವಿದ್ಯೆ ಇಲ್ಲದೆ ಹೊಳೆಗೆ ಏನು ಸೇರಿತೆಂದು ಹೇಳುವವರು ಯಾರು? ಕುಮಟಾದ ಬಾಳಿಗಾ ಕಾಲೇಜಿನಿಂದ ಭಟ್ಕಳದ ಅಂಜುಮನ್‌ವರೆಗೆ ವಿಜ್ಞಾನ ಓದುವ ಮಕ್ಕಳನ್ನು ಪಿಪೆಟ್ ಕೆಳಗಿಡಿ ಎನ್ನುವ ಚಳವಳಿ ನಾಳೆ ಸಾಕ್ಷಿಗೆ ಬೇರೆಯವರ ಮನೆಬಾಗಿಲು ತಟ್ಟಬೇಕಾದೀತು.

ಬೇಕಾದದ್ದು ದಿನಚರಿಯ ಮೊದಲ ಪುಟ. ಕಾಯಿದೆಯ 41ನೆಯ ಕಲಮಿನಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಮಾಧವ ಗಾಡ್ಗೀಳರಂಥವರು 1990ರ ದಶಕದಲ್ಲಿ ಈ ದಾಖಲಾತಿಯ ಕಲ್ಪನೆಯನ್ನು ರೂಪಿಸಿದಾಗ ಅದು ಊರವರೇ ಬರೆಯುವ ಪುಸ್ತಕವಾಗಿತ್ತು. ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ಹಾಕಿ, ತಪ್ಪಿದ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡವೆಂದಾಗ ಅದು ತರಾತುರಿಯ ಕಡತವಾಯಿತು. ಆ ಕಡತದಲ್ಲಿ ಕಗ್ಗ ಇದೆಯೇ? ಭಟ್ಕಳದ ಮಲ್ಲಿಗೆ, ಹೊಳೆಯ ಬಳಚು, ಹೊನ್ನಾವರದ ಕಾಡಿನ ರಾಮಪತ್ರೆ ಇವೆಯೇ? ಯಾವ ಒಕ್ಕಲು ಯಾವ ಬೀಜ ಉಳಿಸಿದೆ ಎಂಬ ಸಾಲಿದೆಯೇ? ಇಲ್ಲದಿದ್ದರೆ ಕಾಲಿ ನಿಧಿಯಲ್ಲಿ ಕೋಟಿ ಸೇರಿದರೂ ಮಾಣಿಕಟ್ಟಾದ ಹೆಸರಿನಲ್ಲಿ ಕೇಳಲು ಕಾಗದವಿಲ್ಲ.

ದಾಖಲಾತಿಯ ಪ್ರತಿಯನ್ನು ಪಂಚಾಯತಿಯಲ್ಲಿ ಕೇಳಿ ಪಡೆಯುವುದು ಗ್ರಾಮಸ್ಥರ ಹಕ್ಕು. 1989ರ ನಿಯಮಗಳಲ್ಲಿ ಕುಲಾಂತರಿ ಜೀವಿಗಳ ಮೇಲ್ವಿಚಾರಣೆಗೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಸಮಿತಿಯೊಂದನ್ನು ಹೇಳಿದೆ. ಕಾರವಾರದಲ್ಲಿ ಅದು ಕಳೆದ ಸಲ ಸೇರಿದ್ದು ಯಾವಾಗ ಎಂದು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು. ಕಾಲೇಜುಗಳ ವಿದ್ಯಾರ್ಥಿಗಳು ಪ್ರಯೋಗಾಲಯದ ವಾರದ ಪುಟವನ್ನು ಕನ್ನಡದಲ್ಲಿ ಬರೆದು ಸಮಿತಿಗೆ ಕಳುಹಿಸಲಿ, ಗಜನಿಯ ಒಕ್ಕಲಿನವರು ತಮ್ಮ ಹಂಗಾಮಿನ ಪುಟವನ್ನು ಅವರಿಗೆ ಹೇಳಿ ಬರೆಸಲಿ. ಕಗ್ಗದ ಕೊಯ್ಲು ಮಳೆ ಹಿಂದೆಗೆದ ಮೇಲೆ. ತಳಿಯ ಲಕ್ಷಣಗಳನ್ನು ತೆನೆ ನಿಂತಿರುವಾಗಲೇ ದಾಖಲಿಸಬೇಕಾದ್ದರಿಂದ ಸಮಿತಿಯ ಸಭೆಯನ್ನು ಅದಕ್ಕೂ ಮೊದಲು ಕರೆಯಬೇಕು.